ವಿನ್ಯಾಸಮಾದರಿಗಳ ರೂಪನಿಷ್ಠ ನಿರೂಪಣೆ: ಕೊಡಗಿನ ಎರಡು ನಿದರ್ಶನಗಳು

ಗಣಕಯಂತ್ರಗಳಿಗಾಗಿ ಬರೆಯಲಾಗುವ ತಂತ್ರಾಂಶವು ಇಂದು ದೊಡ್ಡ ಕಟ್ಟಡವೊಂದರಷ್ಟೇ ಜಟಿಲವಾದ ರಚನೆಯಾಗಿ ಬೆಳೆದಿದೆ. ಅದರ ಭಾಗಗಳು ಯಾವುವು, ಅವು ಒಂದನ್ನೊಂದು ಹೇಗೆ ಆಶ್ರಯಿಸಿವೆ, ಯಾವುದನ್ನು ಬದಲಿಸಿದರೆ ಯಾವುದು ಕೆಡುವುದು ಎಂಬುದನ್ನು ವಿಚಾರಮಾಡುವ ಶಾಸ್ತ್ರಕ್ಕೆ ತಂತ್ರಾಂಶದ ವಾಸ್ತುರಚನೆ ಎಂದು ಹೆಸರು. ಇಂತಹ ರಚನೆಗಳಲ್ಲಿ ಮತ್ತೆ ಮತ್ತೆ ಎದುರಾಗುವ ಸಮಸ್ಯೆಗಳಿಗೆ ಅನುಭವದಿಂದ ಕಂಡುಕೊಂಡ ಪರಿಹಾರಗಳನ್ನು ವಿನ್ಯಾಸಮಾದರಿಗಳೆಂದು ಕರೆಯುತ್ತಾರೆ. ಇವನ್ನು ಸಾಮಾನ್ಯ ಮಾತಿನಲ್ಲಿ ವಿವರಿಸಿದರೆ ಸಾಲದು, ಗಣ, ಸಂಬಂಧ, ತರ್ಕವಾಕ್ಯ ಇವೇ ಮೊದಲಾದ ಗಣಿತದ ಸಾಧನಗಳಿಂದ ಸಂದೇಹಕ್ಕೆ ಎಡೆಯಿಲ್ಲದಂತೆ ನಿರೂಪಿಸಬೇಕು ಎಂಬ ಪ್ರಯತ್ನವು 1990ರ ದಶಕದಿಂದ ನಡೆದುಬಂದಿದೆ. ಅಂತಹ ನಿರೂಪಣೆಯನ್ನು ಈ ಲೇಖನದಲ್ಲಿ ರೂಪನಿಷ್ಠ ನಿರೂಪಣೆ ಎಂದು ಕರೆದಿದ್ದೇವೆ.

ಇತಿಹಾಸವನ್ನು ಬೋಧಿಸುವವರಿಗೆ ಈ ವಿಷಯದಲ್ಲಿ ಏನು ಕೆಲಸವೆಂದು ವಾಚಕರು ಕೇಳಬಹುದು. ಇದಕ್ಕೆ ನಮ್ಮ ಉತ್ತರಗಳು ಎರಡು. ವಿನ್ಯಾಸಮಾದರಿಯ ಕಲ್ಪನೆಯು ಹುಟ್ಟಿದುದು ಮನೆಗಳ ಮತ್ತು ಊರುಗಳ ಅಧ್ಯಯನದಿಂದ ಎಂಬುದು ಮೊದಲನೆಯದು. ಎರಡನೆಯದು ನಮಗೆ ಹೆಚ್ಚು ಸಮೀಪವಾದುದು. ಕೊಡಗಿನ ಐನ್‌ಮನೆಗಳಲ್ಲಿ ಹಲವು ಬಿದ್ದುಹೋಗಿವೆ, ಹಲವು ಹೊಸರೂಪವನ್ನು ತಾಳುತ್ತಿವೆ. ಅವುಗಳನ್ನು ದಾಖಲಿಸಹೊರಟ ವಿದ್ಯಾರ್ಥಿಯು, ಏನನ್ನು ಬರೆದಿಟ್ಟರೆ ಐನ್‌ಮನೆಯನ್ನು ಬರೆದಿಟ್ಟಂತಾಯಿತು ಎಂಬ ಪ್ರಶ್ನೆಗೆ ಉತ್ತರ ಹೇಳಲೇಬೇಕಾಗುವುದು. ತಂತ್ರಾಂಶಶಾಸ್ತ್ರಜ್ಞರೂ ತಮ್ಮ ಮಾದರಿಗಳ ವಿಷಯದಲ್ಲಿ ಇದೇ ಪ್ರಶ್ನೆಯನ್ನು ಕೇಳಿಕೊಂಡಿದ್ದಾರೆ. ಅವರ ಉತ್ತರದಿಂದ ನಾವು ಕಲಿಯಬಹುದಾದುದೆಷ್ಟು, ಆ ಉತ್ತರವು ನಿಲ್ಲುವುದೆಲ್ಲಿ ಎಂಬುದನ್ನು ತೋರಿಸುವುದೇ ಈ ಲೇಖನದ ಉದ್ದೇಶ.

1. ಕಲ್ಪನೆಯ ಮೂಲ

ಗಣಿತವನ್ನೂ ವಾಸ್ತುಶಿಲ್ಪವನ್ನೂ ಅಭ್ಯಾಸಮಾಡಿದ್ದ ಕ್ರಿಸ್ಟೊಫರ್ ಅಲೆಕ್ಸಾಂಡರ್ (1936-2022) ಅವರು 1960ರ ದಶಕದ ಆರಂಭದಲ್ಲಿ ಗುಜರಾತಿನ ಬಾವ್ರಾ ಎಂಬ ಗ್ರಾಮದಲ್ಲಿ ಕೆಲವು ತಿಂಗಳು ನೆಲೆಸಿದ್ದರು. 1964ರಲ್ಲಿ ಪ್ರಕಟವಾದ ‘ನೋಟ್ಸ್ ಆನ್ ದಿ ಸಿಂಥೆಸಿಸ್ ಆಫ್ ಫಾರ್ಮ್’ ಎಂಬ ಗ್ರಂಥದ ಅನುಬಂಧದಲ್ಲಿ ಅವರು 600 ಜನರಿರುವ ಭಾರತೀಯ ಗ್ರಾಮವೊಂದನ್ನು ನಿದರ್ಶನವಾಗಿ ತೆಗೆದುಕೊಂಡರು. ಆ ಗ್ರಾಮದ 141 ಅಗತ್ಯಗಳನ್ನು ಪಟ್ಟಿಮಾಡಿ, ಯಾವ ಅಗತ್ಯಕ್ಕೆ ಯಾವುದರೊಡನೆ ಸಂಬಂಧವಿದೆಯೆಂದು ಗುರುತಿಸಿ, ಆ ಜಾಲವನ್ನು ಗಣಿತದ ಕ್ರಮದಿಂದ 4 ಮುಖ್ಯ ಗುಂಪುಗಳಾಗಿಯೂ 12 ಉಪಗುಂಪುಗಳಾಗಿಯೂ ವಿಂಗಡಿಸಿ ತೋರಿಸಿದರು. ಒಂದು ಊರಿನ ರೂಪವನ್ನು ಸಂಬಂಧಗಳ ಗಣವಾಗಿ ಬರೆಯಬಹುದೆಂಬುದಕ್ಕೆ ಇದು ಪ್ರಸಿದ್ಧವಾದ ಆರಂಭ.

ಈ ವಿಂಗಡಣೆಯು ಮರದಂತಿದ್ದಿತು. ಬುಡದಿಂದ ಕೊಂಬೆ, ಕೊಂಬೆಯಿಂದ ರೆಂಬೆ, ಪ್ರತಿಯೊಂದು ಎಲೆಯೂ ಒಂದೇ ರೆಂಬೆಗೆ ಸೇರಿದುದು. ಆದರೆ 1965ರ ಒಂದು ಪ್ರಬಂಧದಲ್ಲಿ ಅಲೆಕ್ಸಾಂಡರ್ ಅವರೇ ನಗರವು ಮರವಲ್ಲವೆಂದು ವಾದಿಸಿದರು. ಜೀವಂತವಾದ ಊರಿನಲ್ಲಿ ಒಂದೇ ವಸ್ತುವು ಹಲವು ಗುಂಪುಗಳಿಗೆ ಏಕಕಾಲದಲ್ಲಿ ಸೇರಿರುತ್ತದೆ. ಕೊಡಗಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಂದು ಐನ್‌ಮನೆಯು ರಕ್ತಸಂಬಂಧದಿಂದ ಒಕ್ಕಕ್ಕೆ ಸೇರಿದುದು, ನೆಲದ ಸಂಬಂಧದಿಂದ ಊರಿಗೂ ನಾಡಿಗೂ ಸೇರಿದುದು; ಈ ಎರಡು ಸಂಬಂಧಗಳಲ್ಲಿ ಒಂದನ್ನು ಮತ್ತೊಂದರೊಳಗೆ ಅಡಗಿಸಲು ಬರುವುದಿಲ್ಲ.

1977ರಲ್ಲಿ ಅಲೆಕ್ಸಾಂಡರ್ ಮತ್ತು ಅವರ ಸಹೋದ್ಯೋಗಿಗಳು ‘ಎ ಪ್ಯಾಟರ್ನ್ ಲ್ಯಾಂಗ್ವೇಜ್’ ಗ್ರಂಥದಲ್ಲಿ 253 ಮಾದರಿಗಳನ್ನು ಸಂಗ್ರಹಿಸಿಕೊಟ್ಟರು. ಪ್ರತಿಯೊಂದು ಮಾದರಿಗೂ ಸಂದರ್ಭ, ಸಮಸ್ಯೆ, ಪರಿಹಾರ ಎಂಬ ಅಂಗಗಳುಂಟು. ಯಾವ ಮಾದರಿಯು ಎಲ್ಲೆಡೆಯೂ ಮಾರ್ಪಡದೆ ನಿಲ್ಲುವುದೆಂದು ಅವರು ನಂಬಿದ್ದರೋ ಅದಕ್ಕೆ ಎರಡು ನಕ್ಷತ್ರಚಿಹ್ನೆಗಳನ್ನೂ, ಅಷ್ಟು ನಂಬಿಕೆಯಿಲ್ಲದುದಕ್ಕೆ ಒಂದನ್ನೂ ಹಾಕಿ, ಉಳಿದವುಗಳನ್ನು ಹಾಗೆಯೇ ಬಿಟ್ಟರು. ಅಚಲವಾದುದನ್ನೂ ಚಲವಾದುದನ್ನೂ ಬೇರ್ಪಡಿಸಿ ಹೇಳಬೇಕೆಂಬ ಈ ಎಚ್ಚರವೇ ಮುಂದೆ ರೂಪನಿಷ್ಠ ನಿರೂಪಣೆಯ ಜೀವಾಳವಾಯಿತು.

1987ರಲ್ಲಿ ಕೆಂಟ್ ಬೆಕ್ ಮತ್ತು ವಾರ್ಡ್ ಕನ್ನಿಂಗ್‌ಹ್ಯಾಮ್ ಎಂಬ ಇಬ್ಬರು ತಂತ್ರಾಂಶಜ್ಞರು ಈ ವಿಚಾರವನ್ನು ತಮ್ಮ ಕ್ಷೇತ್ರಕ್ಕೆ ತಂದರು. 1994ರಲ್ಲಿ ಗಾಮಾ, ಹೆಲ್ಮ್, ಜಾನ್ಸನ್, ವ್ಲಿಸ್ಸಿಡೀಸ್ ಎಂಬ ನಾಲ್ವರು 23 ಮಾದರಿಗಳನ್ನು ವಿವರಿಸಿ ಪ್ರಕಟಿಸಿದ ‘ಡಿಸೈನ್ ಪ್ಯಾಟರ್ನ್ಸ್’ ಗ್ರಂಥವು ಎಲ್ಲ ದೇಶಗಳ ವಿದ್ಯಾಲಯಗಳಲ್ಲಿಯೂ ವ್ಯಾಪಿಸಿತು. ಆ ಗ್ರಂಥದ ವಿವರಣೆಗಳು ಗದ್ಯದಲ್ಲಿಯೂ ರೇಖಾಚಿತ್ರಗಳಲ್ಲಿಯೂ ಇವೆ. ಒಂದೇ ಗದ್ಯವನ್ನು ಓದಿದ ಇಬ್ಬರು ಎರಡು ಬಗೆಯಾಗಿ ಕಟ್ಟಿದಾಗ ಯಾರು ಮಾದರಿಯನ್ನು ಪಾಲಿಸಿದರು, ಯಾರು ಮೀರಿದರು ಎಂದು ನಿರ್ಣಯಿಸುವ ಬಗೆ ಯಾವುದು? ಇಲ್ಲಿಂದ ಗಣಿತದ ಅಗತ್ಯವು ತಲೆದೋರಿತು.

2. ಐನ್‌ಮನೆ: ರಚನೆಯ ನಿರೂಪಣೆ

ಎಂ. ಎನ್. ಶ್ರೀನಿವಾಸ್ ಅವರು ಕೊಡವರನ್ನು ಕುರಿತು 1952ರಲ್ಲಿ ಪ್ರಕಟಿಸಿದ ಗ್ರಂಥದಿಂದ, ಒಕ್ಕವೆಂಬ ಪಿತೃವಂಶೀಯ ಕುಟುಂಬವು ಅವರ ಸಮಾಜದ ಮೂಲಘಟಕವೆಂಬುದು ವಿದ್ವಾಂಸರಿಗೆ ಪರಿಚಿತವಾಗಿದೆ. ಆ ಒಕ್ಕದ ಮೂಲಮನೆಯೇ ಐನ್‌ಮನೆ. ಕೊಡಗಿನ ಅರೆಭಾಷೆ ಗೌಡರಲ್ಲಿಯೂ ಐನ್‌ಮನೆಗಳುಂಟು. ಎರಡು ಬದಿಯಲ್ಲಿಯೂ ದಿಬ್ಬವಿರುವ ಓಣಿಯಲ್ಲಿ ನಡೆದುಬಂದರೆ ಅಂಗಳ. ಅಂಗಳದಿಂದ ಮೆಟ್ಟಿಲೇರಿದರೆ ಕೈಯ್ಯಾಲೆಯೆಂಬ ಜಗಲಿ. ಅದರ ಕಂಬಗಳ ನಡುವೆ ಹಿರಿಯರು ಕುಳಿತುಕೊಳ್ಳುವ ಐಮರವೆಂಬ ದಪ್ಪ ಹಲಗೆ. ಒಳಗೆ ನೆಲ್ಲಕ್ಕಿ ನಡುಬಾಡೆಯೆಂಬ ನಡುಮನೆ, ಅಲ್ಲಿ ತೂಕ್ ಬೊಳ್ಚವೆಂಬ ತೂಗುದೀಪ. ನೈಋತ್ಯದಲ್ಲಿ ಕನ್ನಿ ಕೊಂಬರೆಯೆಂಬ, ಕಾರಣರನ್ನು ಅಂದರೆ ಹಿರಿಯರನ್ನು ನೆನೆಯುವ ಕೋಣೆ. ಮನೆಯು ಸಾಮಾನ್ಯವಾಗಿ ಪೂರ್ವಾಭಿಮುಖವಾಗಿರುತ್ತದೆ.

ಇದು ವರ್ಣನೆ. ಇದನ್ನು ನಿರೂಪಣೆಯನ್ನಾಗಿ ಮಾಡಬೇಕಾದರೆ ವಾಕ್ಯಗಳಲ್ಲಿರುವ ‘ಸಾಮಾನ್ಯವಾಗಿ’ ಎಂಬಂತಹ ಪದಗಳನ್ನು ಬೇರೆಯಿಟ್ಟು, ಉಳಿದುದನ್ನು ಮೂರು ಬಗೆಯಾಗಿ ವಿಂಗಡಿಸಬೇಕು. ಮೊದಲನೆಯದು ವಸ್ತುಗಳ ಗಣಗಳು: ಒಕ್ಕಗಳ ಗಣ, ಮನೆಗಳ ಗಣ, ಕೋಣೆಗಳ ಗಣ, ದೀಪಗಳ ಗಣ. ಎರಡನೆಯದು ಅವುಗಳ ನಡುವಣ ಸಂಬಂಧಗಳು: ‘ಇಂತಹ ಮನೆಯು ಇಂತಹ ಒಕ್ಕದ್ದು’, ‘ಇಂತಹ ಕೋಣೆಯು ಇಂತಹ ಮನೆಯೊಳಗಿನದು’. ಮೂರನೆಯದು ನಿಯಮಗಳು, ಅಂದರೆ ಮಾದರಿಯನ್ನು ಪಾಲಿಸುವ ಪ್ರತಿಯೊಂದು ಮನೆಯಲ್ಲಿಯೂ ಸತ್ಯವಾಗಿರಲೇಬೇಕಾದ ವಾಕ್ಯಗಳು.

ನಿಯಮಗಳನ್ನು ಬರೆಯಲು ತೊಡಗಿದೊಡನೆ ಮಾತಿನ ಸಡಿಲತೆಯು ಹೊರಬೀಳುತ್ತದೆ. ‘ಒಕ್ಕಕ್ಕೊಂದು ಐನ್‌ಮನೆ’ ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಇದರಲ್ಲಿ ಎರಡು ಬೇರೆ ಬೇರೆ ವಾಕ್ಯಗಳು ಅಡಗಿವೆ. ‘ಪ್ರತಿಯೊಂದು ಐನ್‌ಮನೆಗೂ ಅದು ಸೇರಿದ ಒಂದು ಒಕ್ಕವುಂಟು’ ಎಂಬುದು ಮಾದರಿಯ ನಿಯಮವೇ ಸರಿ. ಒಕ್ಕವಿಲ್ಲದ ಮನೆಯನ್ನು ಐನ್‌ಮನೆಯೆಂದು ಕರೆಯಲಾಗದು. ‘ಪ್ರತಿಯೊಂದು ಒಕ್ಕಕ್ಕೂ ಒಂದು ಐನ್‌ಮನೆಯುಂಟು’ ಎಂಬುದಾದರೋ ಇಂದು ಸತ್ಯವಲ್ಲ. ಮನೆಯು ಬಿದ್ದುಹೋದ ಮೇಲೆಯೂ ಒಕ್ಕವು ಹೆಸರಿನಲ್ಲಿ ಉಳಿದಿರುವುದುಂಟು. ಎರಡು ವಾಕ್ಯಗಳ ಪದಗಳು ಒಂದೇ, ದಿಕ್ಕು ಮಾತ್ರ ಬೇರೆ. ಗಣಿತತರ್ಕವು ಈ ದಿಕ್ಕನ್ನು ಮರೆಯಗೊಡುವುದಿಲ್ಲ.

ಇನ್ನೊಂದು ಪರೀಕ್ಷೆಯನ್ನು ನೋಡೋಣ. ಈ ಮೂರು ನಿಯಮಗಳನ್ನು ಬರೆದೆವೆಂದು ಭಾವಿಸಿರಿ: ಪ್ರತಿಯೊಂದು ಐನ್‌ಮನೆಗೂ ಒಂದು ನಡುಬಾಡೆಯುಂಟು, ಪ್ರತಿಯೊಂದು ಐನ್‌ಮನೆಗೂ ಒಂದು ಕನ್ನಿ ಕೊಂಬರೆಯುಂಟು, ಪ್ರತಿಯೊಂದು ನಡುಬಾಡೆಯಲ್ಲಿಯೂ ಒಂದು ತೂಗುದೀಪವುಂಟು. ಓದಲು ಇವು ಸಂಪೂರ್ಣವೆಂಬಂತೆ ತೋರುತ್ತವೆ. ಆದರೆ ಒಂದೇ ಕೋಣೆಯಿರುವ ಮನೆಯೂ ಈ ನಿಯಮಗಳನ್ನು ಪಾಲಿಸಬಲ್ಲುದು. ಆ ಒಂದೇ ಕೋಣೆಯನ್ನು ನಡುಬಾಡೆಯೆಂದೂ ಕೊಂಬರೆಯೆಂದೂ ಎಣಿಸಿದರಾಯಿತು. ಎರಡು ಮನೆಗಳು ಒಂದೇ ಕೊಂಬರೆಯನ್ನು ಹಂಚಿಕೊಂಡರೂ ನಿಯಮಭಂಗವಿಲ್ಲ. ಎರಡು ಕೋಣೆಗಳೂ ಬೇರೆ ಬೇರೆಯಾಗಿರಬೇಕೆಂಬುದನ್ನಾಗಲಿ, ಒಂದು ಕೋಣೆಯು ಒಂದೇ ಮನೆಗೆ ಸೇರಬೇಕೆಂಬುದನ್ನಾಗಲಿ ನಾವು ಬರೆಯಲಿಲ್ಲ. ನಮಗೆ ತಿಳಿದೇ ಇದ್ದುದರಿಂದ ಬರೆಯುವ ಅಗತ್ಯವು ತೋರಲಿಲ್ಲ. ಕಂಡವರಿಗೆ ತಿಳಿದಿರುವ ಸಂಗತಿಯು ಕಾಣದವರಿಗೆ ತಲಪದೆ ಹೋಗುವುದು ಹೀಗೆಯೇ. ಡ್ಯಾನಿಯಲ್ ಜ್ಯಾಕ್ಸನ್ ಅವರು ರೂಪಿಸಿದ ‘ಅಲಾಯ್’ ಎಂಬ ನಿರೂಪಣಭಾಷೆಯ ಕೆಲಸವೇ ಇದು. ಬರೆದ ನಿಯಮಗಳಿಗೆ ಒಪ್ಪುವ, ಆದರೆ ಬರೆದವನು ಒಪ್ಪಲಾರದ ಚಿಕ್ಕ ನಿದರ್ಶನಗಳನ್ನು ಯಂತ್ರವೇ ಹುಡುಕಿ ಮುಂದಿಡುತ್ತದೆ. ತಪ್ಪುಗಳಲ್ಲಿ ಹೆಚ್ಚಿನವು ಚಿಕ್ಕ ನಿದರ್ಶನಗಳಲ್ಲಿಯೇ ಸಿಕ್ಕಿಬೀಳುತ್ತವೆ ಎಂಬ ನಂಬಿಕೆಯ ಮೇಲೆ ಆ ಕ್ರಮವು ನಿಂತಿದೆ.

ಮಾದರಿಯನ್ನು ಶೈಲಿಯೊಡನೆ ಬೆರೆಸಬಾರದು. ಮಡಿಕೇರಿಯಲ್ಲಿ ಲಿಂಗರಾಜೇಂದ್ರನು 1820ರಲ್ಲಿ ಕಟ್ಟಿಸಿದ ಓಂಕಾರೇಶ್ವರ ದೇವಾಲಯಕ್ಕೆ ಗುಮ್ಮಟವೂ ಮೂಲೆಗಳಲ್ಲಿ ಗೋಪುರಗಳೂ ಇದ್ದು, ಹೊರನೋಟಕ್ಕೆ ಅದು ಇಸ್ಲಾಮೀ ಕಟ್ಟಡದಂತೆ ತೋರುತ್ತದೆ. ಒಳಗೆ ಲಿಂಗ, ಮುಂದೆ ಕೊಳ. ಶಿವಾಲಯದ ಸಂಬಂಧಗಳು ಕೆಟ್ಟಿಲ್ಲ. ಅಂತೆಯೇ ಐನ್‌ಮನೆಯ ಹುಲ್ಲುಮಾಡು ಹೋಗಿ ಮಂಗಳೂರು ಹೆಂಚು ಬಂದಾಗ ವಸ್ತು ಬದಲಾಯಿತು, ಮಾದರಿಯು ಬದಲಾಗಲಿಲ್ಲ. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆಯನ್ನು ಆರಂಭಿಸಿದುದು ಹೆಂಚಿನ ಇತಿಹಾಸಕ್ಕೆ ಮುಖ್ಯವಾದ ಸಂಗತಿ. ಐನ್‌ಮನೆಯ ನಿಯಮಾವಳಿಯಲ್ಲಿ ಅದಕ್ಕೆ ಸ್ಥಾನವಿಲ್ಲ.

3. ಪುತ್ತರಿ: ವರ್ತನೆಯ ನಿರೂಪಣೆ

ಮನೆಯು ನಿಂತಿರುವ ವಸ್ತು. ತಂತ್ರಾಂಶವಾದರೋ ನಡೆಯುವ ವಸ್ತು. ಅದರ ಮಾದರಿಯನ್ನು ಹೇಳುವಾಗ ಭಾಗಗಳ ಜೋಡಣೆಯೊಡನೆ ಘಟನೆಗಳ ಕ್ರಮವನ್ನೂ ಹೇಳಬೇಕು. 1994ರ ಗ್ರಂಥದಲ್ಲಿ ‘ಅಬ್ಸರ್ವರ್’ ಎಂಬ ಮಾದರಿಯೊಂದಿದೆ; ಇದನ್ನು ವೀಕ್ಷಕಮಾದರಿ ಎನ್ನಬಹುದು. ಒಂದು ಮೂಲವಸ್ತು, ಅದನ್ನು ಅವಲಂಬಿಸಿದ ಅನೇಕ ವೀಕ್ಷಕರು. ಮೂಲದ ಸ್ಥಿತಿಯು ಬದಲಾದಾಗಲೆಲ್ಲ ಎಲ್ಲ ವೀಕ್ಷಕರಿಗೂ ಸೂಚನೆಯು ಹೋಗುತ್ತದೆ. ಪ್ರತಿಯೊಬ್ಬ ವೀಕ್ಷಕನ ಒಳವ್ಯವಹಾರವು ಮೂಲಕ್ಕೆ ತಿಳಿದಿರಬೇಕಾಗಿಲ್ಲ.

ಇದಕ್ಕೆ ಬಹುಮಟ್ಟಿಗೆ ಹೋಲುವ ವ್ಯವಸ್ಥೆಯೊಂದು ಕೊಡಗಿನಲ್ಲಿ ಪ್ರತಿವರ್ಷವೂ ನಡೆಯುತ್ತದೆ. ನವೆಂಬರಿನ ಕೊನೆಗೋ ಡಿಸೆಂಬರಿನಲ್ಲಿಯೋ ಬರುವ ಪುತ್ತರಿ, ಅಂದರೆ ಹುತ್ತರಿ ಹಬ್ಬದ ದಿನವನ್ನೂ ಮುಹೂರ್ತಗಳನ್ನೂ ಕಕ್ಕಬ್ಬೆಯ ಪಾಡಿ ಇಗ್ಗುತ್ತಪ್ಪ ದೇವಾಲಯದಲ್ಲಿ ನಿಶ್ಚಯಿಸುತ್ತಾರೆ. ನೆರೆ ಕಟ್ಟುವುದಕ್ಕೆ, ಕದಿರು ತೆಗೆಯುವುದಕ್ಕೆ, ಊಟಕ್ಕೆ ಬೇರೆ ಬೇರೆ ಗಳಿಗೆಗಳು. ದೇವಾಲಯದಲ್ಲಿ ಮೊದಲು ಕದಿರು ತೆಗೆದ ಬಳಿಕ ನಾಡಿನ ಜನರು ತಮ್ಮ ತಮ್ಮ ಗದ್ದೆಗಳಲ್ಲಿ ತೆಗೆಯುತ್ತಾರೆ. ಪ್ರತಿಯೊಂದು ಮನೆಯಲ್ಲಿಯೂ ನೆರೆ ಕಟ್ಟಿ, ಗದ್ದೆಗೆ ಹೋಗಿ, ಕೋವಿಯನ್ನು ಹಾರಿಸಿ, ಕದಿರನ್ನು ಕೊಯ್ದು ಮನೆಗೆ ತರುತ್ತಾರೆ. ಯಾರು ಕೊಯ್ಯಬೇಕು, ಊಟಕ್ಕೆ ಏನೇನು ಬೇಕು ಎಂಬುದು ಆಯಾ ಮನೆಯ ವಿಚಾರ. ದೇವಾಲಯಕ್ಕೆ ಅದರ ಲೆಕ್ಕವಿಲ್ಲ.

ಇದನ್ನು ಕಾಲತರ್ಕದಲ್ಲಿ ಬರೆಯುವುದಾದರೆ ನಿಯಮಗಳು ಎರಡು ಜಾತಿಗಳಾಗಿ ಒಡೆಯುತ್ತವೆ. 1977ರಲ್ಲಿ ಆಮಿರ್ ಪ್ನುಎಲಿ ಅವರು ಕಾಲತರ್ಕವನ್ನು ಗಣಕಕಾರ್ಯಕ್ರಮಗಳಿಗೆ ಅನ್ವಯಿಸಿ ತೋರಿಸಿದರು. ಅದೇ ವರ್ಷ ಲೆಸ್ಲೀ ಲ್ಯಾಂಪೋರ್ಟ್ ಅವರು ಈ ಎರಡು ಜಾತಿಗಳ ಭೇದವನ್ನು ನಿರೂಪಿಸಿದರು. ‘ಅನಿಷ್ಟವು ಎಂದಿಗೂ ನಡೆಯಕೂಡದು’ ಎಂಬುದು ಒಂದು ಜಾತಿ, ಇದನ್ನು ಕ್ಷೇಮನಿಯಮವೆನ್ನೋಣ. ‘ಇಷ್ಟವು ಎಂದಾದರೂ ನಡೆದೇ ತೀರಬೇಕು’ ಎಂಬುದು ಇನ್ನೊಂದು, ಇದನ್ನು ಸಿದ್ಧಿನಿಯಮವೆನ್ನೋಣ. ‘ನೆರೆ ಕಟ್ಟುವ ಮೊದಲು ಯಾವ ಮನೆಯಲ್ಲಿಯೂ ಕದಿರು ತೆಗೆಯಕೂಡದು’, ‘ದೇವಾಲಯಕ್ಕಿಂತ ಮೊದಲು ಯಾವ ಮನೆಯೂ ಕದಿರು ತೆಗೆಯಕೂಡದು’ ಇವು ಕ್ಷೇಮನಿಯಮಗಳು. ‘ನಿಶ್ಚಯವಾದ ಮುಹೂರ್ತವು ಪ್ರತಿಯೊಂದು ಮನೆಗೂ ತಲಪಬೇಕು’ ಎಂಬುದು ಸಿದ್ಧಿನಿಯಮ.

ಈ ಭೇದವು ಕೇವಲ ಪಾಂಡಿತ್ಯದ ವಿಷಯವಲ್ಲ. ಕ್ಷೇಮನಿಯಮಗಳನ್ನು ಮಾತ್ರ ಬರೆದಿಟ್ಟರೆ, ಪುತ್ತರಿಯನ್ನು ಆಚರಿಸದೆ ಬೀಗಹಾಕಿರುವ ಮನೆಯು ಎಲ್ಲ ನಿಯಮಗಳನ್ನೂ ಪಾಲಿಸಿದಂತಾಗುವುದು! ಏನನ್ನೂ ಮಾಡದವನು ಯಾವ ತಪ್ಪನ್ನೂ ಮಾಡುವುದಿಲ್ಲ. ನಿಷೇಧಗಳ ಪಟ್ಟಿಯಿಂದ ಒಂದು ಆಚರಣೆಯನ್ನು ದಾಖಲಿಸಿದೆವೆಂದು ತಿಳಿಯುವವರು ಇದನ್ನು ನೆನಪಿನಲ್ಲಿಡಬೇಕು.

ಗದ್ಯವಿವರಣೆಯಲ್ಲಿ ಅಡಗಿರುವ ಮತ್ತೊಂದು ತೊಡಕೂ ಇಲ್ಲಿ ಬಯಲಾಗುತ್ತದೆ. ಸೂಚನೆಯನ್ನು ಪಡೆದ ಒಬ್ಬ ವೀಕ್ಷಕನು, ಉಳಿದವರಿಗೆ ಅದು ತಲಪುವ ಮೊದಲೇ, ಮೂಲದ ಸ್ಥಿತಿಯನ್ನು ಬದಲಿಸಿದರೆ ಗತಿಯೇನು? ಮೊದಲ ಮುಹೂರ್ತವನ್ನು ಕೇಳಿದ ಮನೆಗಳು ಕೆಲವು, ಎರಡನೆಯದನ್ನು ಕೇಳಿದವು ಕೆಲವು ಆದಂತೆ ತಂತ್ರಾಂಶದ ಭಾಗಗಳು ಪರಸ್ಪರ ವಿರುದ್ಧವಾದ ಸ್ಥಿತಿಗಳಲ್ಲಿ ನಿಲ್ಲುವುವು. ಪುತ್ತರಿಯ ವ್ಯವಸ್ಥೆಯಲ್ಲಿ ಈ ತೊಡಕು ಏಳುವುದಿಲ್ಲ; ನಿಶ್ಚಯಿಸುವ ಕಾಲವೂ ಆಚರಿಸುವ ಕಾಲವೂ ಬೇರೆ ಬೇರೆ, ಅವುಗಳ ನಡುವೆ ದಿನಗಳ ಅಂತರವಿದೆ. ತಂತ್ರಾಂಶವನ್ನು ರಚಿಸುವವನು ಇಂತಹ ಅಂತರವನ್ನು ನಿಯಮವಾಗಿ ಬರೆದು ಏರ್ಪಡಿಸಿಕೊಳ್ಳಬೇಕಾಗುತ್ತದೆ.

4. ನಿರೂಪಣಭಾಷೆಗಳು

ಇಂತಹ ನಿರೂಪಣೆಗಾಗಿ ಬಳಕೆಗೆ ಬಂದ ಭಾಷೆಗಳಲ್ಲಿ ಕೆಲವನ್ನು ಮಾತ್ರ ಇಲ್ಲಿ ಹೆಸರಿಸುತ್ತೇವೆ. ಗಣಸಿದ್ಧಾಂತವನ್ನು ಆಧರಿಸಿದ ‘ಜೆಡ್’ ಸಂಕೇತಪದ್ಧತಿಯು ಜೀನ್ ರೇಮಂಡ್ ಅಬ್ರಿಯಾಲ್ ಅವರ ವಿಚಾರಗಳಿಂದ ಹೊರಟು ಆಕ್ಸ್‌ಫರ್ಡಿನಲ್ಲಿ ಬೆಳೆಯಿತು. 1990ರ ದಶಕದಲ್ಲಿ ಅಬೌಡ್, ಅಲೆನ್, ಗಾರ್ಲನ್ ಎಂಬುವರು ವಾಸ್ತುರಚನೆಯ ಶೈಲಿಗಳನ್ನು ಅದರಲ್ಲಿ ಬರೆದು ತೋರಿಸಿದರು. ಟೋನಿ ಹೋರ್ ಅವರು 1978ರಲ್ಲಿ ಪ್ರಕಟಿಸಿದ, ಪರಸ್ಪರ ಸಂವಾದಿಸುವ ಪ್ರಕ್ರಿಯೆಗಳ ಗಣಿತವನ್ನು ಆಧಾರವಾಗಿಟ್ಟುಕೊಂಡು ಅಲೆನ್ ಮತ್ತು ಗಾರ್ಲನ್ ‘ರೈಟ್’ ಎಂಬ ಭಾಷೆಯನ್ನು ರಚಿಸಿದರು. ಭಾಗಗಳನ್ನು ಹೇಗೋ ಹಾಗೆಯೇ ಭಾಗಗಳ ನಡುವಣ ಕೊಂಡಿಗಳನ್ನೂ ಸ್ವತಂತ್ರವಾಗಿ ವಿವರಿಸಬೇಕೆಂಬುದು ಅದರ ವೈಶಿಷ್ಟ್ಯ. ಪುತ್ತರಿಯ ಮುಹೂರ್ತವು ಹಿಂದೆ ಬಾಯಿಂದ ಬಾಯಿಗೆ ಹೋಗುತ್ತಿದ್ದಿತು, ಇಂದು ವೃತ್ತಪತ್ರಿಕೆಯಿಂದಲೂ ದೂರವಾಣಿಯಿಂದಲೂ ಹೋಗುತ್ತದೆ. ಕೊಂಡಿಯು ಬದಲಾದರೂ ದೇವಾಲಯ ಮತ್ತು ಮನೆಗಳ ಪಾತ್ರಗಳು ಬದಲಾಗಲಿಲ್ಲ. ಕೊಂಡಿಯನ್ನು ಬೇರೆಯಾಗಿ ಬರೆದವನು ಮಾತ್ರ ಇದನ್ನು ಹೇಳಬಲ್ಲನು. 1998ರಲ್ಲಿ ಟಾಮಿ ಮಿಕ್ಕೊನೆನ್ ಅವರು ಮಾದರಿಗಳ ವರ್ತನೆಯನ್ನು ಕಾಲತರ್ಕದ ನೆಲೆಯಲ್ಲಿ ನಿರೂಪಿಸಿದರು. ಅಮ್ನಾನ್ ಈಡನ್ ಅವರ ‘ಲೆಪಸ್’ ಎಂಬುದು ಮಾದರಿಗಳ ರಚನೆಯನ್ನು ತರ್ಕವಾಕ್ಯಗಳಿಗೆ ಸಮನಾದ ಚಿತ್ರಗಳಲ್ಲಿ ಬರೆಯುವ ಭಾಷೆ. ಇವುಗಳಲ್ಲಿ ಕೆಲವು ರಚನೆಗೂ ಕೆಲವು ವರ್ತನೆಗೂ ಹೆಚ್ಚು ಒಗ್ಗುವುವು. ಎರಡಕ್ಕೂ ಸಮನಾಗಿ ಒಗ್ಗುವ ಭಾಷೆಯು ವಿರಳ.

5. ಸೂತ್ರ, ವೃತ್ತಿ, ಪ್ರಯೋಗ

ಈಗ ರೂಪನಿಷ್ಠ ನಿರೂಪಣೆಯ ಮಿತಿಯನ್ನು ಕುರಿತು ಹೇಳಬೇಕು. ಒಂದು ಐನ್‌ಮನೆಯ ಕೈಯ್ಯಾಲೆಯನ್ನು ಭದ್ರತೆಗಾಗಿ ಗೋಡೆಯಿಂದ ಮುಚ್ಚಿದರೆಂದು ಊಹಿಸೋಣ. ‘ಕೈಯ್ಯಾಲೆಯುಂಟು’, ‘ಅದರಲ್ಲಿ ಐಮರವುಂಟು’ ಎಂಬ ನಿಯಮಗಳೆರಡೂ ಸತ್ಯವಾಗಿಯೇ ಉಳಿಯುತ್ತವೆ. ಆದರೆ ಐಮರದಲ್ಲಿ ಕುಳಿತ ಹಿರಿಯನಿಗೆ ಅಂಗಳವೂ ಕಾಣದು, ಓಣಿಯಲ್ಲಿ ಬರುವವರೂ ಕಾಣರು. ‘ಐಮರದಿಂದ ಅಂಗಳವು ಕಾಣಬೇಕು’ ಎಂದು ಇನ್ನೊಂದು ನಿಯಮವನ್ನು ಸೇರಿಸಬಹುದು, ನಿಜ. ಆದರೆ ಅದನ್ನು ಸೇರಿಸಬೇಕೆಂದು ತಿಳಿಯುವುದು ಐಮರವು ಏತಕ್ಕಾಗಿ ಇದೆಯೆಂದು ಬಲ್ಲವನಿಗೆ ಮಾತ್ರ. ಕಾರಣವು ನಿಯಮದೊಳಗೆ ಇರುವುದಿಲ್ಲ. ನಿಯಮವೇ ಕಾರಣದಿಂದ ಹುಟ್ಟುತ್ತದೆ. 1996ರಲ್ಲಿ ತಂತ್ರಾಂಶಜ್ಞರ ಸಮ್ಮೇಳನವೊಂದರಲ್ಲಿ ಮಾತನಾಡಿದ ಅಲೆಕ್ಸಾಂಡರ್ ಅವರು, ಮಾದರಿಗಳಿಂದ ಜನಜೀವನವು ಮೇಲಾಯಿತೇ ಎಂಬ ನೈತಿಕ ಪ್ರಶ್ನೆಯನ್ನು ಅವರ ಮುಂದಿಟ್ಟುದು ಈ ಕೊರತೆಯನ್ನು ಕಂಡೇ ಎಂದು ನಮಗೆ ತೋರುತ್ತದೆ.

ಇದಕ್ಕೆ ಪರಿಹಾರವನ್ನು ನಮ್ಮ ಶಾಸ್ತ್ರಪರಂಪರೆಯಲ್ಲಿಯೇ ಕಾಣಬಹುದು. ಹದಿಮೂರನೆಯ ಶತಮಾನದ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ಕನ್ನಡದ ವ್ಯಾಕರಣವನ್ನು ಮೂರು ಸ್ತರಗಳಲ್ಲಿ ಬರೆದನು. ಸೂತ್ರವು ನಿಯಮವನ್ನು ಬಿಗಿಯಾಗಿ ಹೇಳುತ್ತದೆ. ವೃತ್ತಿಯು ಅದರ ಅರ್ಥವನ್ನು ಬಿಡಿಸುತ್ತದೆ. ಪ್ರಯೋಗವು ಕವಿಗಳ ಬಳಕೆಯಿಂದ ಆಯ್ದ ನಿದರ್ಶನಗಳನ್ನು ಕೊಡುತ್ತದೆ. ಮೂರರಲ್ಲಿ ಯಾವುದೊಂದೂ ತಾನೇ ಸಾಕೆನಿಸಿಕೊಳ್ಳುವುದಿಲ್ಲ. ಸೂತ್ರವೊಂದೇ ಇದ್ದರೆ ಅರ್ಥವು ಮರೆಯಾಗುವುದು. ವೃತ್ತಿಯೊಂದೇ ಇದ್ದರೆ ಮಾತು ಸಡಿಲವಾಗುವುದು. ಪ್ರಯೋಗಗಳು ಮಾತ್ರ ಇದ್ದರೆ ಯಾವುದು ಅಚಲ, ಯಾವುದು ಆಕಸ್ಮಿಕ ಎಂಬುದು ತಿಳಿಯದು.

ಐನ್‌ಮನೆಗಳ ದಾಖಲೆಯಲ್ಲಿ ಪ್ರಯೋಗದ ಭಾಗವು ಈಗಾಗಲೇ ಬಹುಮಟ್ಟಿಗೆ ಸಿದ್ಧವಾಗಿದೆ. ಬೋವೇರಿಯಂಡ ನಂಜಮ್ಮ ಮತ್ತು ಚಿಣ್ಣಪ್ಪ ದಂಪತಿಗಳು ಕೊಡಗಿನ ಐನ್‌ಮನೆಗಳನ್ನು ಸಂದರ್ಶಿಸಿ ದಾಖಲಿಸಿದ ಕಾರ್ಯವು ಎಲ್ಲ ಅಧ್ಯೇತೃಗಳಿಗೂ ಆಧಾರವಾಗಿದೆ. ಅದರ ಮೇಲೆ ಸೂತ್ರವನ್ನೂ ವೃತ್ತಿಯನ್ನೂ ಕಟ್ಟುವ ಕೆಲಸವು ಕಾಲೇಜುಗಳ ವಿದ್ಯಾರ್ಥಿಗಳಿಂದ ಆಗಬಹುದಾದುದು. ವಿದ್ಯಾರ್ಥಿಯು ಒಂದು ಐನ್‌ಮನೆಗೆ ಹೋದಾಗ ತನ್ನ ಪುಸ್ತಕದ ಹಾಳೆಯನ್ನು ಮೂರು ಅಂಕಣಗಳಾಗಿ ಗೆರೆಯೆಳೆದುಕೊಳ್ಳಲಿ. ಒಂದರಲ್ಲಿ ಈ ಮನೆಯಲ್ಲಿ ಕಂಡುದನ್ನು ಬರೆಯಲಿ. ಇನ್ನೊಂದರಲ್ಲಿ ಇದು ಇಲ್ಲದಿದ್ದರೆ ಮನೆಯು ಐನ್‌ಮನೆಯಾಗಿ ಉಳಿಯುವುದೇ ಎಂದು ಮನೆಯವರನ್ನೇ ಕೇಳಿ, ಅವರ ಉತ್ತರವನ್ನು ‘ಪ್ರತಿಯೊಂದು’, ‘ಒಂದೇ ಒಂದು’, ‘ಮೊದಲು’, ‘ಬಳಿಕ’ ಎಂಬ ನಿಷ್ಕೃಷ್ಟ ಪದಗಳಲ್ಲಿ ಬರೆಯಲಿ. ಮೂರನೆಯದರಲ್ಲಿ ಏಕೆ ಎಂಬ ಪ್ರಶ್ನೆಗೆ ಅವರು ಕೊಟ್ಟ ಕಾರಣವನ್ನು ಅವರ ಮಾತಿನಲ್ಲಿಯೇ ಬರೆಯಲಿ. ಎರಡು ಮನೆಯವರು ಎರಡು ಉತ್ತರಗಳನ್ನು ಕೊಟ್ಟರೆ ಎರಡನ್ನೂ ಉಳಿಸಿಕೊಳ್ಳಲಿ. ನಿಯಮವು ಎಲ್ಲಿ ಸಡಿಲವಾಗಿದೆಯೆಂಬುದು ಅದರಿಂದಲೇ ತಿಳಿಯುವುದು.

ಬಿದ್ದ ಮನೆಯನ್ನು ಮತ್ತೆ ಎತ್ತಿಸಬೇಕೆನ್ನುವ ಒಕ್ಕದವರಿಗೆ ಛಾಯಾಚಿತ್ರದಿಂದ ಅದರ ಹೊರರೂಪವು ದೊರೆಯುವುದು. ಯಾವುದನ್ನು ಬಿಡಬಹುದು, ಯಾವುದನ್ನು ಬಿಡಲಾಗದು ಎಂಬುದು ದೊರೆಯದು. ತಂತ್ರಾಂಶದಲ್ಲಿ ಈ ಅಜ್ಞಾನಕ್ಕೆ ತೆರಬೇಕಾದ ದಂಡವು ಕೆಟ್ಟುನಿಂತ ಯಂತ್ರ, ಅದನ್ನು ದುರಸ್ತುಮಾಡಬಹುದು. ಮನೆಯ ವಿಷಯದಲ್ಲಿ ಉತ್ತರ ಹೇಳಬಲ್ಲ ಹಿರಿಯರು ಇರುವವರೆಗೆ ಮಾತ್ರ ನಮಗೆ ಕಾಲಾವಕಾಶವುಂಟು. ಆದುದರಿಂದ ಮೂರನೆಯ ಅಂಕಣವನ್ನು ಮೊದಲು ತುಂಬುವುದು ಲೇಸು.